ದೋಣಿಯ ಒಳಗಿನ ಬಣ್ಣ

ಸುಮಿತಾ ನನ್ನ ಅಂಗಡಿಯ ಕೌಂಟರಿನ ಮೇಲೆ ಗೇಣುದ್ದದ ಮರದ ದೋಣಿಯೊಂದನ್ನು ಇಟ್ಟು, “ಶರಾವತಕ್ಕಾ, ಇದ್ಕೆ ಬಣ್ಣ ಹೊಡಿಯೂಕೆ ಒಂದು ಸಣ್ಣ ಗನ್ನು ಬೇಕಾಗಿತ್ತು” ಎಂದಾಗ ನನಗೆ ನಗು ಬಂತು. ಅಂಕೋಲೆ ಪೇಟೆಯಲ್ಲಿ ಈ ಬಣ್ಣದ ಅಂಗಡಿ ಹಾಕಿದ್ದು ನನ್ನ ಗಂಡ. ಆದರೆ ಆತನ ಜೀವ ಇರುವುದು ತಾಳಮದ್ದಳೆಯಲ್ಲಿ. ಅರ್ಥ ಹೇಳುವುದರಲ್ಲಿ ಆತ ನಿಸ್ಸೀಮ, ಅಂಗಡಿಯ ಬಾಗಿಲು ತೆಗೆಯುವುದರಲ್ಲಿ ಮಾತ್ರ ಅಲ್ಲ. ಹಾಗಾಗಿ ಪ್ರೈಮರು, ಟರ್ಪೆಂಟೈನು, ಗ್ರಾಹಕರ ತಕರಾರು ಎಲ್ಲ ನನ್ನ ತಲೆಗೇ ಬಂದವು. ಇಷ್ಟು ವರ್ಷ ಇದರಲ್ಲೇ ಕೈ ಕೊಳೆ ಮಾಡಿಕೊಂಡ ಮೇಲೆ, ಬಣ್ಣದ ವಿಷಯದಲ್ಲಿ ನನಗೆ ಯಾರಾದರೂ ಪಾಠ ಹೇಳಲು ಬಂದರೆ ಮೈ ಉರಿಯುತ್ತದೆ.

ನಾನು ಒಳಗೆ ಹೋಗಿ ಗೇಟು, ಕಪಾಟುಗಳಿಗೆ ಹೊಡೆಯುವ ಸ್ಪ್ರೇ ಗನ್ನನ್ನು ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಎತ್ತಿ ನೋಡಿದಳು, ದೋಣಿಯ ಪಕ್ಕ ಹಿಡಿದು ನೋಡಿದಳು. ದೋಣಿಗಿಂತ ಗನ್ನೇ ದೊಡ್ಡದಿತ್ತು.

“ಇದ್ರಲ್ಲಿ ಹೊಡೆದ್ರೆ ದೋಣಿ ಮುಳ್ಗೇ ಹೋತದೆ ಅಕ್ಕಾ” ಎಂದಳು.

ಸುಮಿತಾ ಬೇಲೆಕೇರಿಯವಳು. ನಲವತ್ತರ ಹತ್ತಿರದ ವಯಸ್ಸು. ಹಗಲು ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಬಿಡಿಸುವ ಕೆಲಸ, ಸಂಜೆ ಮನೆಯ ಹಿಂದಿನ ಚಪ್ಪರದಲ್ಲಿ ದೋಣಿ ಮಾಡುವ ಕೆಲಸ. ತಾಯಿ ಇವಳು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದಳು. ಮದುವೆಯ ಮಾತು ಒಂದೆರಡು ಕಡೆ ನಡೆದು ಮುರಿಯಿತು, ಆಮೇಲೆ ಇವಳೇ ‘ಸಾಕು’ ಎಂದಳು. ಮನೆಯಲ್ಲಿರುವುದು ಅವಳು ಮತ್ತು ಅವಳ ಅಪ್ಪ ಗಣಪ ತಾಂಡೇಲ. ದೋಣಿ ನಡೆಸುವ ಯಜಮಾನನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಗಣಪನಿಗೆ ಈಗ ದೋಣಿ ಇಲ್ಲ. ಜಾರಿ ಬಿದ್ದು ಸೊಂಟ ಮುರಿದ ಮೇಲೆ ಮಾರಿಬಿಟ್ಟ. ತಾಂಡೇಲ ಎಂಬ ಹೆಸರು ಮಾತ್ರ ಉಳಿದಿದೆ.

ದೋಣಿ ಕಟ್ಟುವ ಕಡೆ ಬಿದ್ದ ಮರದ ಚೂರು, ಹರಿದ ಬಲೆಯ ತುಂಡು, ತೆಂಗಿನ ಹುರಿ, ಇಷ್ಟರಲ್ಲೇ ಅವಳ ದೋಣಿಗಳು ಹುಟ್ಟುತ್ತಿದ್ದವು. ಹೊಸ ಮನೆ ಕಟ್ಟಿಸಿದ ಬೋಟಿನ ಮಾಲೀಕರು ತಮ್ಮ ಬೋಟಿನದೇ ಮಾದರಿ ಮಾಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಪಡಸಾಲೆಯಲ್ಲಿಡುತ್ತಾರೆ. ಕಾರವಾರದ ಬೀಚಿನ ಹತ್ತಿರದ ಅಂಗಡಿಯವನೊಬ್ಬ ಆಗಾಗ ನಾಲ್ಕಾರು ಒಯ್ಯುತ್ತಾನೆ. ನಾನೂ ಒಂದು ಕೊಂಡು ಅಂಗಡಿಯ ಗಣಪತಿ ಪಟದ ಕೆಳಗೆ ಇಟ್ಟಿದ್ದೇನೆ. ಎಲ್ಲ ದೋಣಿಯಲ್ಲೂ ಒಂದು ಲಕ್ಷಣ ಇತ್ತು. ನಡುವೆ ಬಲೆಯ ರಾಶಿ ಇರುತ್ತಿತ್ತು, ಅಂಚಿನವರೆಗೆ ತುಂಬಿ, ಎಷ್ಟು ಚೆಂದವಾಗಿ ಸುತ್ತಿರುತ್ತಿದ್ದಳೆಂದರೆ ನೋಡಿದವರು ಮೊದಲು ಹೊಗಳುತ್ತಿದ್ದದ್ದೇ ಅದನ್ನು.

ಅವಳ ತೊಂದರೆ ಹೊರಗಿನ ಬಣ್ಣದ್ದು. ದೋಣಿಯ ಪಕ್ಕದ ಮೇಲೆ ಬೆರಳಿಟ್ಟು ತೋರಿಸಿದಳು.

“ನೋಡಿ, ಇಲ್ಲಿ ಗೆರೆ ಬಂತು. ನಿಜದ ದೋಣೀಲಿ ಗೆರೆ ಇರೂದಿಲ್ಲ. ಉಪ್ಪುನೀರು ತಿಂದು ತಿಂದು ನೀಲಿ ಕೆಳಗೆ ಹೋದ ಹಂಗೆ ಬಿಳಿಚ್ತದೆ. ಎಲ್ಲಿ ಮುಗೀತು ಹೇಳಿ ಗೊತ್ತೇ ಆಗೂದಿಲ್ಲ. ಬ್ರಶ್ಶಲ್ಲಿ ಎಷ್ಟ್ ಮಾಡಿದ್ರೂ ಈ ಗೆರೆ ಬತ್ತದೆ. ಅರಿವೆ ತುಂಡಲ್ಲಿ ಒರೆಸಿ ನೋಡ್ದೆ, ಸ್ಪಂಜಲ್ಲಿ ಒತ್ತಿ ನೋಡ್ದೆ. ಫೋನಲ್ಲಿ ಒಬ್ಬಂವ ಏರ್‌ಬ್ರಷ್ ಹೇಳಿ ತೋರಿಸ್ತಿದ್ದ. ಪೆನ್ನಿನ ಹಂಗೆ ಹಿಡ್ಕಂಡು ಊದೂದು.”

“ಇಷ್ಟು ದಿನ ಬ್ರಶ್ಶಲ್ಲೇ ಮಾಡಿದ್ಯಲ್ಲೇ. ಯಾರೂ ದೂರಲಿಲ್ಲ. ಈಗೆಂತಕ್ಕೆ?”

ಅವಳು ದೋಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, “ಅಪ್ಪನ ದೋಣಿ ಮಾಡ್ಬೇಕು” ಎಂದಳು.

ಗಣಪ ತಾಂಡೇಲನ ದೋಣಿಯ ಹೆಸರು ಜಲದೇವಿ. ಊರವರ ದೋಣಿಗಳನ್ನೆಲ್ಲ ಮಾಡಿದ ಸುಮಿತಾ ಅದೊಂದನ್ನು ಮಾಡಿರಲಿಲ್ಲ. ಎರಡು ಸಲ ಸುರುಮಾಡಿ, ಸರಿಬರಲಿಲ್ಲವೆಂದು ಒಲೆಗೆ ಹಾಕಿದ್ದಳಂತೆ. ದೋಣಿ ಹೋದ ಮೇಲೆ ಅಪ್ಪ ಸಮುದ್ರದ ಕಡೆ ಮುಖ ಮಾಡಿ ಕೂರುವುದನ್ನೇ ಬಿಟ್ಟಿದ್ದಾನೆ, ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಹಾಕಿಕೊಳ್ಳುತ್ತಾನೆ ಎಂದಳು. ಸರಿಯಾದ ಒಂದು ಜಲದೇವಿಯನ್ನು ಅವನ ಕೈಗೆ ಕೊಡಬೇಕು, ಅವನು ಅದನ್ನು ನೋಡಿ ‘ಹೌದು, ಇದೇ’ ಅನ್ನಬೇಕು. ಇಷ್ಟೇ ಅವಳ ಆಸೆ. ಹೇಳುವಾಗ ಅಂಗೈಯಿಂದ ಕಣ್ಣೊರೆಸಿಕೊಂಡಳು. ನನಗೂ ಏನೋ ಆಯಿತು. ಅದನ್ನು ತೋರಿಸಬಾರದೆಂದು, “ಸರಿ ಮಾರಾಯ್ತಿ, ತರಿಸುವ. ಅಳಬೇಡ, ದೋಣಿ ಒದ್ದೆಯಾಗ್ತದೆ” ಎಂದು ಗದರಿದೆ.

ತರಿಸುವ ಎಂದದ್ದೇನೋ ಆಯಿತು, ಯಾವುದನ್ನು ತರಿಸುವುದು? ಅಲ್ಲಿಂದ ನಮ್ಮಿಬ್ಬರ ಓದು ಸುರುವಾಯಿತು. ಫ್ಯಾಕ್ಟರಿ ಬಿಟ್ಟ ಮೇಲೆ ಅವಳು ಅಂಗಡಿಗೆ ಬಂದು ಪೇಂಟಿನ ಡಬ್ಬದ ಮೇಲೆ ಕೂರುತ್ತಿದ್ದಳು. ಇಬ್ಬರೂ ಒಂದೇ ಫೋನಿಗೆ ಮುಖವಿಟ್ಟು ವಿಡಿಯೋ ನೋಡುತ್ತಿದ್ದೆವು. ಒಂದು ಜಾತಿಯದರಲ್ಲಿ ಗುಂಡಿ ಒತ್ತಿದರೆ ಗಾಳಿಯೂ ಬಣ್ಣವೂ ಒಟ್ಟಿಗೇ ಬರುತ್ತವೆ. ಕಲಿಯಲು ಸುಲಭ, ಆದರೆ ಬಣ್ಣ ಎಷ್ಟು ಬರಬೇಕೆಂಬುದನ್ನು ಮೊದಲೇ ತಿರುಪು ತಿರುವಿ ಇಡಬೇಕು. ಇನ್ನೊಂದರಲ್ಲಿ ಗುಂಡಿ ಒತ್ತಿದರೆ ಬರಿ ಗಾಳಿ, ಅದನ್ನೇ ಹಿಂದಕ್ಕೆ ಎಳೆದಂತೆ ಬಣ್ಣ. ಎಷ್ಟು ಎಳೆಯುತ್ತೀರೋ ಅಷ್ಟು. ಬಣ್ಣ ಹಾಕುವ ಬಟ್ಟಲು ಕೆಲವದಕ್ಕೆ ನೆತ್ತಿಯ ಮೇಲೆ, ಕೆಲವದಕ್ಕೆ ಹೊಟ್ಟೆಯ ಕೆಳಗೆ ಬಾಟಲಿಯ ಹಾಗೆ ನೇತಾಡುತ್ತದೆ. ನಾನು ಬಾಟಲಿಯದ್ದೇ ಒಳ್ಳೆಯದು ಎಂದೆ, ಪದೇ ಪದೇ ತುಂಬುವ ರಗಳೆ ಇಲ್ಲ. ಸುಮಿತಾ ಒಪ್ಪಲಿಲ್ಲ. ನನ್ನ ಅಂಗಡಿಯಲ್ಲೇ ಕೂತು ನನ್ನ ಮಾತು ಒಪ್ಪದವರು ಕಡಿಮೆ, ನನಗೆ ಸಿಟ್ಟು ಬರಬೇಕಿತ್ತು. ಅವಳ ಮೇಲೆ ಬರಲಿಲ್ಲ.

ಕಡೆಗೆ ಹುಬ್ಬಳ್ಳಿಯ ಪರಿಚಯದ ವ್ಯಾಪಾರಿಯ ಹತ್ತಿರ ನಾನು ಹೇಳಿದ ಬಾಟಲಿಯದೊಂದು, ಅವಳು ಹೇಳಿದ ಎಳೆಯುವ ಗುಂಡಿಯ, ಮೇಲೆ ಬಟ್ಟಲಿರುವುದೊಂದು, ಎರಡನ್ನೂ ತರಿಸಿದೆ. ನೋಡಿ ಒಂದನ್ನು ಇಟ್ಟುಕೊಳ್ಳುವುದು, ಇನ್ನೊಂದನ್ನು ವಾಪಸು ಕಳಿಸುವುದು ಎಂದು ಮಾತು. ಪೊಟ್ಟಣ ಬಿಚ್ಚಿದ ಮೇಲೆ ನೆನಪಾಯಿತು, ಗಾಳಿ ಎಲ್ಲಿದೆ? ಕಂಪ್ರೆಸರ್ ತರಿಸಿರಲಿಲ್ಲ.

“ಕಾಶಿ ಹತ್ರ ಅದ್ಯಲ್ಲ” ಎಂದಳು ಸುಮಿತಾ.

ಕಾಶಿಯದ್ದು ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ. ಆಗ ಇನ್ನೂ ಮಳೆಗಾಲ ಪೂರ್ತಿ ಮುಗಿದಿರಲಿಲ್ಲ. ಲಾರಿಯ ಟೈರಿಗೆ ಗಾಳಿ ಹಾಕುವ ಪೈಪಿಗೆ ಆತ ಏನೇನೋ ಸಿಕ್ಕಿಸಿ, ಒತ್ತಡ ಇಳಿಸಿ, ನಮ್ಮ ಬೆರಳುದ್ದದ ಏರ್‌ಬ್ರಷ್ಷಿಗೆ ಜೋಡಿಸಿಕೊಟ್ಟ. ಸುಮಿತಾ ನೀಲಿಯನ್ನು ಹಾಲಿನ ಹದಕ್ಕೆ ತೆಳ್ಳಗೆ ಮಾಡಿ ಬಟ್ಟಲಿಗೆ ಹಾಕಿದಳು. ಹಳೆಯ ರಟ್ಟಿನ ಮೇಲೆ ಹಿಡಿದು ಗುಂಡಿ ಎಳೆದಳು. ಮೊದಲು ನೀಲಿಯ ಹೊಗೆ ಹಗುರವಾಗಿ ಹೋಗಿ ಕೂತಿತು. ಅವಳ ಮುಖ ಅರಳಿತು. ಅಷ್ಟರಲ್ಲಿ ಪಚಕ್ಕೆಂದು ಒಂದು ಹನಿ ನೀರು ಉಗುಳಿತು, ಹಿಂದೆಯೇ ಇನ್ನೊಂದು. ರಟ್ಟಿನ ಮೇಲಿನ ನೀಲಿ ಹರಿದು ಕಣ್ಣೀರಾಯಿತು.

“ನಮ್ಮ ಕಡೆ ಗಾಳೀಲೇ ನೀರು ಅಕ್ಕಾ” ಎಂದ ಕಾಶಿ, ತಪ್ಪೆಲ್ಲ ಅರಬ್ಬಿ ಸಮುದ್ರದ್ದೆಂಬ ಹಾಗೆ. “ಟೈರ್ ಒಳಗೆ ನೀರು ಹೋದ್ರೆ ಯಾರಿಗೂ ಗೊತ್ತಾಗೂದಿಲ್ಲ. ಇಲ್ಲಿ ಗೊತ್ತಾತದೆ.”

ನೀರು ಹಿಡಿಯುವ ಸಣ್ಣ ಗಾಜಿನ ಡಬ್ಬಿಯೊಂದನ್ನು ಪೈಪಿನ ನಡುವೆ ಕೂರಿಸಬೇಕಂತೆ. ಅದನ್ನೂ, ಟ್ಯಾಂಕಿರುವ ಸಣ್ಣ ಕಂಪ್ರೆಸರನ್ನೂ ತರಿಸಿದೆ. ದೀಪಾವಳಿಯ ಹೊತ್ತಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸುಮಿತಾ ಎರಡೂ ಏರ್‌ಬ್ರಷ್‌ಗಳನ್ನು ಹಿಡಿದು ಅಭ್ಯಾಸಕ್ಕೆ ಕೂತಳು. ಮೂಗಿಗೆ ಕರ್ಚೀಫು ಕಟ್ಟಿ, ಉಸಿರು ಬಿಗಿಹಿಡಿದು ಅವಳು ರಟ್ಟಿನ ಮೇಲೆ ನೀಲಿಯನ್ನು ಬಿಳಿಗೆ ಇಳಿಸುವುದನ್ನು ನೋಡಿದರೆ ನೋಡುತ್ತಲೇ ಇರಬೇಕು ಎನಿಸುತ್ತಿತ್ತು. ಗೆರೆ ಇರಲಿಲ್ಲ. ನೀಲಿ ಎಲ್ಲಿ ಮುಗಿಯಿತೆಂದು ನನಗೂ ಹೇಳಲು ಬರಲಿಲ್ಲ.

ಆಮೇಲೆ ಒಂದು ಖಾಲಿ ದೋಣಿಯ ಮೇಲೆ ಪ್ರಯೋಗ ಮಾಡಿದಳು. ಹೊರಗಿನ ನೀಲಿ ಸೊಗಸಾಗಿ ಬಂತು. ಒಳಗೆ ಮರದ ಬಣ್ಣವೇ ಬೆತ್ತಲೆ ಕಾಣುತ್ತಿತ್ತೆಂದು ನಾನೇ, “ಒಳಗೂ ಒಂದು ಕೈ ಹೊಡೆ” ಎಂದೆ. ಅವಳು ಮೇಲಿನಿಂದ ಏರ್‌ಬ್ರಷ್ಷಿನ ಮೂತಿ ಇಟ್ಟು ಹೊಡೆದಳು. ಗಾಳಿ ತಳಕ್ಕೆ ಬಡಿದು ವಾಪಸು ಬಂತು. ಬಣ್ಣ ಪುಡಿಯಾಗಿ ಹಾರಿ ಅಂಚು ದಾಟಿ, ಆಗತಾನೇ ಮಾಡಿದ ನೀಲಿಯ ಮೇಲೆಲ್ಲ ಕೂತಿತು.

ಇದು ನನಗೆ ಗೊತ್ತಿದ್ದ ಕತೆ. ಕಪಾಟಿಗೆ ಗನ್ನಲ್ಲಿ ಬಣ್ಣ ಹೊಡೆಯುವವರು ಯಾರೂ ಹೊರಗಿನಿಂದ ಸುರು ಮಾಡುವುದಿಲ್ಲ. “ಗಾಳಿ ಕೆಲಸಕ್ಕೆ ಒಳಗಿಂದೇ ಮೊದಲು” ಎಂದೆ. “ಒಳಗಿಂದು ಮುಗಿಸಿ, ಒಣಗಿಸಿ, ಕಾಗದ ಅಂಟಿಸಿ ಮುಚ್ಚು. ಆಮೇಲೆ ಹೊರಗೆ. ಮೊದಲು ಜಲದೇವಿಯ ಒಳಗಿನ ಬಣ್ಣ ಕಲಸಿಕೋ.”

ಅವಳು ಏರ್‌ಬ್ರಷ್ ಕೆಳಗಿಟ್ಟಳು. ಕರ್ಚೀಫು ಬಿಚ್ಚಿದಳು.

“ಎಂತಾಯ್ತೇ?”

“ಒಳಗಿಂದು ನಂಗೆ ಗೊತ್ತಿಲ್ಲ ಶರಾವತಕ್ಕಾ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಣಪ ತಾಂಡೇಲನ ಮನೆತನದಲ್ಲಿ ಹೆಂಗಸರು ದೋಣಿ ಮೆಟ್ಟುವಂತಿಲ್ಲ. ಸುಮಿತಾ ಆ ದೋಣಿಯ ಬಲೆ ತೊಳೆದಿದ್ದಾಳೆ, ಒಣಗಿಸಿದ್ದಾಳೆ, ಬುತ್ತಿ ಹೊತ್ತು ತೊಡೆಮಟ್ಟದ ನೀರಿನವರೆಗೆ ಹೋಗಿದ್ದಾಳೆ, ಅದು ತಂದ ಮೀನನ್ನು ಅಂಕೋಲೆ ಪೇಟೆಯಲ್ಲಿ ಕೂತು ಮಾರಿದ್ದಾಳೆ. ಒಳಗೆ ಕಾಲಿಟ್ಟಿಲ್ಲ. ಅಂಚಿನಿಂದ ಇಣುಕಿದ್ದುಂಟು. ಇಣುಕಿದಾಗೆಲ್ಲ ಕಂಡದ್ದು ಬಲೆಯ ರಾಶಿ. ಮಳೆಗಾಲದಲ್ಲಿ ದೋಣಿ ಮೇಲೆಳೆದು ಇಟ್ಟಾಗ ಸೋಗೆ ಹೊದೆಸಿರುತ್ತಿದ್ದರು. ವರ್ಷಕ್ಕೊಮ್ಮೆ ಒಳಗೆ ಬಣ್ಣ ಬಳಿಯುವಾಗ ಗಂಡಸರೇ ಇರುತ್ತಿದ್ದರು, ಹೆಣ್ಣುಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅವಳು ಮಾಡಿದ ಪ್ರತಿಯೊಂದು ದೋಣಿಯ ನಡುವೆ ಬಲೆ ಯಾಕೆ ತುಂಬಿರುತ್ತಿತ್ತೆಂದು ನನಗೆ ಆಗ ಹೊಳೆಯಿತು. ಗಣಪತಿ ಪಟದ ಕೆಳಗಿದ್ದ ನನ್ನ ದೋಣಿಯ ಕಡೆ ನೋಡಲಾಗಲಿಲ್ಲ.

“ಬೇರೆ ದೋಣಿ ನೋಡಿ ಮಾಡು” ಎಂದೆ.

“ಬೇರೆ ದೋಣಿ ಬೇರೆನೇ. ಅಂವ ಮೂವತ್ತು ವರ್ಷ ಎಲ್ಲಿ ಕೂತಿದ್ದ, ಕಾಲು ಎಲ್ಲಿ ಇಟ್ಕಣ್ತಿದ್ದ, ತಲೆ ತಗ್ಗಿಸಿದ್ರೆ ಎಂತಾ ಕಾಣ್ತಿತ್ತು, ನಂಗೆ ಅದೇ ಬೇಕು. ಮನೇಲಿ ಇದ್ದದ್ದಕ್ಕಿಂತ ಜಾಸ್ತಿ ಅಂವ ಅಲ್ಲೇ ಇದ್ದದ್ದು.”

“ಅಪ್ಪನ್ನೇ ಕೇಳು ಹಾಗಾದ್ರೆ.”

ಕೇಳಿದಳಂತೆ. ಗಣಪ ತಾಂಡೇಲ ರಸ್ತೆಯ ಕಡೆಗೇ ಮುಖ ಮಾಡಿ, “ದೋಣಿ ಒಳಗೆ ಎಂತಾ ಇರ್ತದೆ? ನೀರು, ಮೀನು, ನಾವು” ಎಂದು ಮಾತು ಮುಗಿಸಿದನಂತೆ.

ಇದನ್ನು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ದೋಣಿಗೆ ಇಟ್ಟ ಹೆಸರು ಜಲದೇವಿ, ಮೂತಿಗೆ ಬಳಿದದ್ದು ಅರಿಸಿನ ಕುಂಕುಮ, ಹೆಣ್ಣುಮಗಳ ಕಾಲು ಮಾತ್ರ ಮೈಲಿಗೆ! ಅಂಗಡಿಗೆ ಬಂದ ಗಿರಾಕಿಯ ಎದುರಿಗೇ ಒಂದಷ್ಟು ಕೂಗಾಡಿದೆ. ಸುಮಿತಾ ನನ್ನ ಕೈ ಹಿಡಿದು, “ಸಿಟ್ಟು ಮಾಡ್ಬೇಡಿ ಅಕ್ಕಾ. ಗಾಳಿ ಎದ್ದ ದಿನ ವಾಪಸ್ ಬತ್ನೋ ಇಲ್ವೋ ಹೇಳಿ ಹೆದ್ರಿಕೀಲೇ ಬದುಕಿದಂವ ಅಂವ. ಯಾರೋ ಒಂದು ಮಾತು ಹೇಳಿದ್ರು, ಅದ್ನ ಗಟ್ಟಿ ಹಿಡ್ಕಂಡ” ಎಂದಳು. ಅವಳ ಈ ತಾಳ್ಮೆ ಕಂಡರೆ ನನಗೆ ಇನ್ನಷ್ಟು ಸಿಟ್ಟು.

ದೋಣಿ ಈಗ ಎಲ್ಲಿದೆ ಎಂದು ವಿಚಾರಿಸಿದ್ದು ನಾನೇ. ಬೇಲೆಕೇರಿಯಿಂದ ಮಾಜಾಳಿಯ ಕಡೆಯವರಿಗೆ ಹೋಗಿ, ಅಲ್ಲಿಂದ ಕಾರವಾರದ ಒಬ್ಬರಿಗೆ ಹೋಗಿತ್ತು. ಈಗ ಕಾಳಿ ನದಿಯ ದಡದಿಂದ ದೇವಬಾಗದ ಕಡೆಗೆ ಪ್ರವಾಸಿಗರನ್ನು ಕೂರಿಸಿಕೊಂಡು ಡಾಲ್ಫಿನ್ ತೋರಿಸಲು ಹೋಗುತ್ತದಂತೆ. ಸುದ್ದಿ ತಂದವನು ಮತ್ತೂ ಒಂದು ಹೇಳಿದ. ಹೆಸರು ಬದಲಾಗಿದೆ, ಈಗ ಅದು ‘ಡಾಲ್ಫಿನ್ ಕ್ವೀನ್’.

“ಸುಮಿತಾ, ಟಿಕೀಟು ಕೊಟ್ಟು ಯಾರು ಬೇಕಾದ್ರೂ ಹತ್ತಬಹುದಂತೆ” ಎಂದೆ.

ಅವಳು ನನ್ನನ್ನೇ ನೋಡಿದಳು. “ಹೆಂಗಸ್ರೂ?” ಎಂದು ಕೇಳಿದಳು.

ಭಾನುವಾರ ಇಬ್ಬರೂ ಕಾರವಾರದ ಬಸ್ಸು ಹತ್ತಿದೆವು. ಅಪ್ಪನಿಗೆ ಅವಳು ಹೇಳಿರಲಿಲ್ಲ. ಫ್ಯಾಕ್ಟರಿಯ ಕೆಲಸ ಎಂದು ಬಂದಿದ್ದಳು. ಅಮದಳ್ಳಿ ದಾಟುವಾಗ ಒಂದೇ ಒಂದು ಸಲ, “ಅಪಶಕುನ ಆಗಿ ಯಾರಿಗಾದ್ರೂ ಎಂತಾದ್ರೂ ಆದ್ರೆ?” ಎಂದಳು. “ಅಲ್ಲಿ ದಿನಾ ನೂರು ಹೆಂಗಸರು ಹತ್ತುತ್ತಾರೆ, ಆಗುವುದಿದ್ದರೆ ಇಷ್ಟೊತ್ತಿಗೆ ಆಗಿರುತ್ತಿತ್ತು” ಎಂದೆ. ಹಾಗೆಂದೆನೇ ಹೊರತು, ನಾನೂ ಹುಟ್ಟಿದಂದಿನಿಂದ ಸಮುದ್ರದ ಮೇಲೆ ಹೋದವಳಲ್ಲ. ಒಳಗೊಳಗೇ ರಾಮ ರಾಮ ಎನ್ನುತ್ತಿದ್ದೆ.

ದಡದಲ್ಲಿ ಗಲಾಟೆಯೋ ಗಲಾಟೆ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಹೆಂಗಸರು, ಮಕ್ಕಳು, ಕಪ್ಪು ಕನ್ನಡಕಗಳು. ಹಳದಿ ಬಳಿದುಕೊಂಡು ಎರಡು ಡಾಲ್ಫಿನ್ ಚಿತ್ರ ಬರೆಸಿಕೊಂಡಿದ್ದ ದೋಣಿಯನ್ನು ನಾನು ಗುರುತಿಸುತ್ತಿರಲಿಲ್ಲ. ಸುಮಿತಾ ಮೂತಿಯ ಬಾಗು ನೋಡಿಯೇ, “ಅದೇ” ಎಂದಳು. ನಡೆಸುವವನು ಸಂದೀಪ ಎಂಬಾತ, ಮೂವತ್ತರ ಆಸುಪಾಸಿನವನು. “ಅಕ್ಕಾ, ಬೇಗ್ ಬೇಗ್ ಹತ್ತಿ, ಹಿಂದೆ ಜಾಗ ಅದೆ” ಎಂದು ಕೈಚಾಚಿದ.

ಎಲ್ಲರೂ ಹತ್ತಿದರು. ನಾನೂ ಹೇಗೋ ಉರುಳಿಕೊಂಡು ಹತ್ತಿದೆ. ಸುಮಿತಾ ನೀರಿನಲ್ಲೇ ನಿಂತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ದೋಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದು ಕಾಲು ಎತ್ತಿದವಳು ಮತ್ತೆ ಇಳಿಸಿದಳು. ಯಾರೋ ಹಿಂದಿನಿಂದ, “ಆಂಟಿಗೆ ಹೆದರಿಕೆ” ಎಂದು ನಕ್ಕರು. ನನಗೆ ಅವರನ್ನು ಹಿಡಿದು ನೀರಿಗೆ ದೂಡಬೇಕೆನಿಸಿತು. “ಬಾರೇ” ಎಂದೆ. ಅವಳು ಹತ್ತಿದಳು. ಹತ್ತಿ ಹಿಂದಿನ ಹಲಗೆಯ ತುದಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಮರಕ್ಕೆ ಒತ್ತಿಕೊಂಡಳು. ಅಳುತ್ತಿದ್ದಳು. ಯಾರೂ ಗಮನಿಸಲಿಲ್ಲ, ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು.

ಒಳಗೆ ಜಲದೇವಿ ಎಂಬುದು ಏನೂ ಉಳಿದಿರಲಿಲ್ಲ. ಸಾಲು ಬೆಂಚು, ಮೇಲೆ ಬಟ್ಟೆಯ ಚಪ್ಪರ, ತಳಕ್ಕೆಲ್ಲ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು. ಸುಮಿತಾ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಇಷ್ಟು ವರ್ಷ ಕಾದು ಹತ್ತಿದ್ದು ಈ ಹುಲ್ಲಿನ ಮೇಲೆ ಕೂರಲೇ ಎಂದು ನನಗೂ ಸಂಕಟವಾಯಿತು. ಅಷ್ಟರಲ್ಲಿ ದೋಣಿ ನದಿ ಕಡಲು ಸೇರುವ ಅಳಿವೆ ದಾಟಿ ತೆರೆಗೆ ಮೂತಿ ಕೊಟ್ಟಿತು. ನನ್ನ ಹೊಟ್ಟೆಯೊಳಗೆ ಬೆಳಿಗ್ಗೆಯ ದೋಸೆ ಎದ್ದು ನಿಂತಿತು.

ದೂರದಲ್ಲಿ ಕರಿಯ ಬೆನ್ನೊಂದು ಮೇಲೆದ್ದು ಮುಳುಗಿತು. “ಡಾಲ್ಫಿನ್! ಡಾಲ್ಫಿನ್!” ಎಂದು ಎಲ್ಲರೂ ಎಡಕ್ಕೆ ಮುಗಿಬಿದ್ದರು. ದೋಣಿ ವಾಲಿತು. ಸಂದೀಪ, “ಕೂತ್ಕಳಿ, ಕೂತ್ಕಳಿ” ಎಂದು ಬೊಬ್ಬೆ ಹಾಕಿದ. ಆ ಹೊತ್ತಿನಲ್ಲಿ ಸುಮಿತಾ ಮೊಣಕಾಲೂರಿ ಕೂತು ಪ್ಲಾಸ್ಟಿಕ್ ಹುಲ್ಲಿನ ಅಂಚು ಎತ್ತುತ್ತಿದ್ದಳು. ಹಿಂದಿನ ಹಲಗೆಯ ಕೆಳಗೆ ಅಂಟು ಬಿಟ್ಟಿತ್ತು. ಎಳೆದಳು, ಅದು ಸುರುಳಿ ಬಿಚ್ಚಿಕೊಂಡು ಬಂತು. ನಾನು ವಾಂತಿಯನ್ನು ನುಂಗಿಕೊಂಡು ಬಗ್ಗಿ ನೋಡಿದೆ.

ಕೆಳಗೆ ಹಳೆಯ ಮರ ಹಾಗೆಯೇ ಇತ್ತು, ಬಣ್ಣದ ಸಮೇತ. ಹಸಿರಲ್ಲ, ಬೂದುಬಣ್ಣವಲ್ಲ, ನೀಲಿಯೂ ಅಲ್ಲ. ನನ್ನ ಅಂಗಡಿಯ ಯಾವ ಶೇಡ್ ಕಾರ್ಡಿನಲ್ಲೂ ಆ ಬಣ್ಣ ಇಲ್ಲ. ಆದರೆ ಅದೇನೆಂದು ನನಗೆ ನೋಡಿದೊಡನೆ ತಿಳಿಯಿತು. ಹೊರಗೆ ಬಳಿದು ಉಳಿದದ್ದನ್ನೆಲ್ಲ, ನೀಲಿ, ಹಳದಿ, ಬಿಳಿ, ಮನೆಯ ಕಿಟಕಿಗೆ ತಂದ ಹಸಿರಿನ ತಳ, ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಕಲಸಿದರೆ ಆಗುವ ಬಣ್ಣ ಅದು. ಜನ ನೋಡುವ ಹೊರಗಡೆಗೆ ಒಳ್ಳೆಯ ಬಣ್ಣ, ತಾವು ಕೂರುವ ಒಳಗಡೆಗೆ ಉಳಿದದ್ದು. ಸುಮಿತಾ ಅದರ ಮೇಲೆ ಕೈಯಾಡಿಸಿದಳು. ಒಂದು ಕಡೆ ಅವಳ ಕೈ ನಿಂತಿತು. ಹಲಗೆ ಅಲ್ಲಿ ಸವೆದು, ಬಣ್ಣ ಹೋಗಿ, ತಗ್ಗಾಗಿತ್ತು. ಚುಕ್ಕಾಣಿ ಹಿಡಿದವನು ಹಿಮ್ಮಡಿ ಊರುವ ಜಾಗ ಅದು. ಅವಳು ತನ್ನ ಹಿಮ್ಮಡಿಯನ್ನು ಅದರಲ್ಲಿ ಇಟ್ಟಳು.

“ಹೋಯ್ ಅಕ್ಕಾ, ಮ್ಯಾಟ್ ಯಾಕೆ ಕೀಳ್ತ್ರಿ?” ಎಂದ ಸಂದೀಪ.

“ನನ್ನ ಅಪ್ಪನ ದೋಣಿ ಇದು” ಎಂದಳು ಸುಮಿತಾ. ಅವನು ಬೈಯಲು ತೆರೆದ ಬಾಯಿ ಮುಚ್ಚಿದ. ಆಮೇಲೆ ದಡ ಸೇರುವವರೆಗೂ ಆ ಮೂಲೆಯ ಹುಲ್ಲನ್ನು ಮುಚ್ಚಲು ಹೋಗಲಿಲ್ಲ. ಇಳಿಯುವಾಗ ತನ್ನ ನಂಬರು ಕೊಟ್ಟ.

ವಾಪಸು ಬಸ್ಸಿನಲ್ಲಿ ನಾನು ಹೊಟ್ಟೆ ಹಿಡಿದು ಕೂತಿದ್ದೆ. ಸುಮಿತಾ ಕಿಟಕಿಗೆ ಒರಗಿ ತಾನೇ ಮಾತಾಡಿದಳು. “ಎಳೆದ್ರೆ ಬಣ್ಣ ಬತ್ತದ್ಯಲ್ಲ, ಅದೇ ಇರ್ಲಿ ಅಕ್ಕಾ. ಬಾಟ್ಲಿದು ವಾಪಸ್ ಕಳ್ಸಿ. ಸವೆದ ಜಾಗಕ್ಕೆ ಒಂದು ಉಸಿರಷ್ಟು ಬಣ್ಣ ಸಾಕು, ಕಾಣೂಕೂ ಬಾರ್ದು, ಇಲ್ಲ ಹೇಳೂಕೂ ಬಾರ್ದು. ಮೇಲಿನ ಬಟ್ಲಾದ್ರೆ ಒಂದೆರಡು ಹನಿ ಹಾಕಿದ್ರೂ ನಡೀತದೆ. ಆ ಬಣ್ಣ ಎರಡನೇ ಸಲ ಹಂಗೇ ಕಲಸೂಕೆ ಆಗೂದಿಲ್ಲ, ಹಾಳು ಮಾಡೂಕೆ ಬಾರ್ದು.” ಇಷ್ಟು ದಿನ ವಾದ ಮಾಡಿದ್ದ ನಾನು ಎದುರು ಮಾತಾಡಲಿಲ್ಲ. ಅವಳು ಆರಿಸಿದ್ದು ಸರಿ ಇತ್ತು.

ಬೇಲೆಕೇರಿಯವರೆಗೆ ನಾನೂ ಹೋದೆ. ಅಪ್ಪನಿಗೆ ಹೇಳಿಯೇ ತೀರುತ್ತೇನೆ ಎಂದಿದ್ದಳು. ಆ ಮುದುಕ ಬಾಯಿ ಮಾಡಿದರೆ ಏನೇನು ಹೇಳಬೇಕೆಂದು ನಾನು ಬಸ್ಸಿನಲ್ಲೇ ಕೂತು ಸಾಲಾಗಿ ಜೋಡಿಸಿಕೊಂಡಿದ್ದೆ.

ಗಣಪ ತಾಂಡೇಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಒಣಹಾಕಿದ ಮೀನಿಗೆ ಕಾಗೆ ಬಾರದಂತೆ ಕೋಲು ಹಿಡಿದು ಕೂತಿದ್ದ. “ಬನ್ನಿ ಅಮ್ಮಾ” ಎಂದು ನನ್ನನ್ನು ಕರೆದ. ನನಗೊಂದು ಸ್ಟೂಲು ತಂದಿಟ್ಟು ಸುಮಿತಾ ಅವನೆದುರು ನೆಲದ ಮೇಲೆ ಕೂತಳು.

“ಅಪ್ಪಾ, ಇಂದು ಕಾರವಾರಕ್ಕೆ ಹೋಗಿದ್ದೆ. ಜಲದೇವಿ ಅಲ್ಲೇ ಅದೆ. ನಾ ಹತ್ತಿದೆ.”

ಒಂದು ಕಾಗೆ ಇಳಿದು ಮೀನೊಂದನ್ನು ಕಚ್ಚಿಕೊಂಡು ಹೋಯಿತು. ಅವನು ಕೋಲು ಎತ್ತಲಿಲ್ಲ. ನಾನು ಸ್ಟೂಲಿನ ತುದಿಗೆ ಸರಿದು ಸಿದ್ಧಳಾದೆ.

“ಎಲ್ಲಿ ಕೂತಿದ್ದೆ?” ಎಂದ.

“ಹಿಂದೆ. ನೀ ಕೂರೂ ಜಾಗದಲ್ಲಿ.”

“ಎಡಕ್ಕೆ ವಾಲ್ತದೇ ಇನ್ನೂ?”

“ವಾಲ್ತದೆ. ತಿರ್ಗಿಸೂವಾಗ ಸಲ್ಪ ಜಾಸ್ತಿ.”

“ಹುಟ್ಟಿದಾಗಿಂದ ಹಂಗೇ ಅದು. ಹಂಗೆ ವಾಲಿದಾಗ ಬಲಕ್ಕೆ ಮೈ ಕೊಡ್ಬೇಕು. ನಡ್ಸೂನಿಗೆ ಗೊತ್ತದ್ಯೋ ಇಲ್ವೋ.” ಕುರ್ಚಿಯಲ್ಲೇ ಬಲಕ್ಕೆ ಮೈ ವಾಲಿಸಿ ತೋರಿಸಿದ. ಆಮೇಲೆ ಒಂದರ ಹಿಂದೊಂದು ಕೇಳಿದ. ಯಾವ ಎಂಜಿನು ಹಾಕಿದ್ದಾರೆ, ಮೂತಿ ತೆರೆ ಹತ್ತುವಾಗ ಬಡಿಯುತ್ತದೆಯೇ, ಹಿಂದೆ ಎಡಗಡೆ ನೀರು ಒಸರುತ್ತಿತ್ತು, ಈಗಲೂ ಒಸರುತ್ತದೆಯೇ. ಸುಮಿತಾ ಒಂದೊಂದನ್ನೂ ಕೈಯಲ್ಲಿ ತೋರಿಸಿ ತೋರಿಸಿ ಹೇಳಿದಳು. ದೋಣಿಯ ಒಳಗಿನ ಸುದ್ದಿಯನ್ನು ಮಗಳು ಹೇಳುತ್ತಿದ್ದಳು, ತಾಂಡೇಲ ಕೇಳುತ್ತಿದ್ದ. ಹುಲ್ಲು ಹಾಸಿದ್ದಾರೆ ಎಂದಾಗ ಅವನಿಗೆ ನಂಬಿಕೆಯಾಗಲಿಲ್ಲ. “ದೋಣಿಗೆ ಹುಲ್ಲೇ? ಎಮ್ಮೆ ಕಟ್ತರೇನೆ?” ಎಂದು ಕೆಮ್ಮು ಬರುವವರೆಗೆ ನಕ್ಕ.

“ಹುಲ್ಲಿನ ಅಡೀಗೆ ಬಣ್ಣ ಹಂಗೇ ಅದೆ ಅಪ್ಪಾ. ನೀ ಬಳ್ದದ್ದ್ ಹಂಗೇ.”

ನಗು ನಿಂತಿತು. ಅವನು ಕುರ್ಚಿಯ ಕೈ ಹಿಡಿದು, ಸೊಂಟವನ್ನು ನಿಧಾನಕ್ಕೆ ತಿರುಗಿಸಿ, ಮನೆಯ ಆಚೆ ಸಮುದ್ರ ಇರುವ ದಿಕ್ಕಿಗೆ ಮುಖ ಮಾಡಿದ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿರಲಿಲ್ಲ.

“ನಂಗೂ ಟಿಕೀಟು ಕೊಡ್ತರೇ?” ಎಂದ.

“ಕೊಡ್ತರು ಅಪ್ಪಾ.”

“ಸೊಂಟ ಹಿಂಗಿದ್ರೂ?”

“ಹಿಂಗಿದ್ರೂ ಕೊಡ್ತರು. ಜಾಕೀಟು ಒಂದು ಹಾಕ್ಕಣ್ಬೇಕಾತದೆ.”

“ಹಾಕ್ಕಣ್ತೆ” ಎಂದ ಗಣಪ ತಾಂಡೇಲ. ಮತ್ತೆ ಸ್ವಲ್ಪ ಯೋಚಿಸಿ, ಮಗಳ ಮುಖ ನೋಡದೆ, “ನಂಗೆ ಒಬ್ನೇ ಹತ್ತೂಕೆ ಆಗೂದಿಲ್ಲ ಮಗಾ. ನೀ ಮೊದ್ಲು ಹತ್ತು. ಹತ್ತಿ ನನ್ನ ಕೈ ಹಿಡಿ” ಎಂದ.